ಮದ್ದು ಕೊಡುವವರ ಅರ್ಹತೆ: ಲೋಕದ ಮಾನದಂಡ ಮತ್ತು ನಮ್ಮ ಕಾರಡ್ಕದ ಕೌಂಟರು



ಕಳೆದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿದು ಚಹಾ ಬರುವ ಹೊತ್ತಿಗೆ ಸದಸ್ಯೆಯೊಬ್ಬರು ತಮ್ಮ ಮನೆಯ ಸಂಗತಿ ಹೇಳಿದರು. ಅವರ ಅತ್ತೆಗೆ ಸಕ್ಕರೆ ಕಾಯಿಲೆ. ಮೂರು ಹೊತ್ತಿಗೆ ಮೂರು ಬಗೆಯ ಗುಳಿಗೆ. ಎರಡು ತಿಂಗಳು ಕಳೆದ ಮೇಲೆ ನೋಡಿದರೆ ಬೆಳಗ್ಗಿನದ್ದು, ರಾತ್ರಿಯದ್ದು ಖಾಲಿ, ಮಧ್ಯಾಹ್ನದ ಪಟ್ಟಿ ಮಾತ್ರ ಹೆಚ್ಚುಕಡಿಮೆ ಹಾಗೇ ಇದೆ. "ಅತ್ತೆ, ಇದು ಯಾಕೆ ಹೀಗೆ ಉಂಟು?" ಎಂದು ಕೇಳಿದರೆ, "ಅದು ಮೂತ್ರ ಉರಿದರೆ ತಗೊಳ್ಳುವುದಲ್ವಾ ಮಗಳೇ? ಉಚ್ಚಕ್ಕ್, ಉಚ್ಚಕ್ಕ್ ಅಂತ ಆ ಹುಡುಗಿ ಎರಡೆರಡು ಸಲ ಹೇಳಿದಳು" ಎಂದರಂತೆ.

ಸಭೆಯಲ್ಲಿ ಎಲ್ಲರೂ ನಕ್ಕರು, ನಾವೂ ನಕ್ಕೆವು. ಮಲಯಾಳದಲ್ಲಿ 'ಉಚ್ಚ' ಎಂದರೆ ಮಧ್ಯಾಹ್ನ, ನಮ್ಮಲ್ಲಿ 'ಉಚ್ಚೆ' ಎಂದರೆ ಏನೆಂದು ಬರೆಯಬೇಕಾಗಿಲ್ಲ. ಆದರೆ ಅವರು ಮಾತು ಮುಂದುವರಿಸಿದಾಗ ನಗು ನಿಂತಿತು. ಆ ಎರಡು ತಿಂಗಳಲ್ಲಿ ಸಕ್ಕರೆ ಏರಿ, ಕಾಲಬೆರಳಿನ ಸಣ್ಣ ಗಾಯ ಮಾಗದೆ, ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಬೇಕಾಯಿತು. ಬೆರಳು ಉಳಿದದ್ದು ಪುಣ್ಯ.

ಔಷಧ ಕೌಂಟರಿನ ಆ ಹುಡುಗಿ ತಪ್ಪು ಮಾಡಿದ್ದಾಳೆಂದು ನಾವು ಹೇಳುವುದಿಲ್ಲ. ಚೀಟಿ ಸರಿಯಾಗಿ ಓದಿದ್ದಾಳೆ, ಸರಿಯಾದ ಗುಳಿಗೆ ಕೊಟ್ಟಿದ್ದಾಳೆ, ಎರಡು ಸಲ ಹೇಳಿಯೂ ಇದ್ದಾಳೆ. ಕಾನೂನಿನ ಕಣ್ಣಿಗೆ ಅವಳ ಕೆಲಸ ಪೂರ್ಣವಾಗಿದೆ. ಹಾಗಾದರೆ ಕೊರತೆ ಎಲ್ಲಿ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ, ಫಾರ್ಮಸಿಸ್ಟರಿಗೆ ಏನೇನು ಗೊತ್ತಿರಬೇಕು, ಅದನ್ನು ಯಾರು ಎಲ್ಲಿ ಬರೆದಿಟ್ಟಿದ್ದಾರೆ ಎಂದು ಹುಡುಕಿ ಓದಲು ಕೂತೆವು. ಕಡತ ಓದುವ ಚಟ ನಿವೃತ್ತಿಯಾದರೂ ಬಿಡುವುದಿಲ್ಲ. ಓದಿದ್ದನ್ನು ಸದಸ್ಯರ ತಿಳಿವಳಿಕೆಗಾಗಿ ಇಲ್ಲಿ ಕೊಡುತ್ತಿದ್ದೇವೆ.

ಫಾರ್ಮಸಿಸ್ಟರಿಗೆ ಲೋಕಮಟ್ಟದ ಒಂದು ಒಕ್ಕೂಟವಿದೆ. 1912ರಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಫಾರ್ಮಸಿ ಒಕ್ಕೂಟ, ಚಿಕ್ಕದಾಗಿ ಎಫ್‌ಐಪಿ. ಅವರು 2012ರಲ್ಲಿ ಫಾರ್ಮಸಿಸ್ಟರ ಸಾಮರ್ಥ್ಯಗಳ ಒಂದು ಚೌಕಟ್ಟು ಹೊರತಂದರು. 2020ರಲ್ಲಿ ಅದನ್ನು ಪರಿಷ್ಕರಿಸಿದರು. ಈಗಿನದರಲ್ಲಿ ನಾಲ್ಕು ವಿಭಾಗ, 23 ಸಾಮರ್ಥ್ಯ, ಅವುಗಳಡಿ 124 ನಡವಳಿಕೆಗಳು. ವಿಭಾಗಗಳು ಯಾವುವೆಂದರೆ ಸಾರ್ವಜನಿಕ ಆರೋಗ್ಯ, ರೋಗಿಯ ಔಷಧ ಆರೈಕೆ, ಸಂಘಟನೆ ಮತ್ತು ನಿರ್ವಹಣೆ, ವೃತ್ತಿಪರ ಹಾಗೂ ವೈಯಕ್ತಿಕ ಗುಣ. 'ಸಾಮರ್ಥ್ಯ' ಎಂಬ ಮಾತನ್ನು ಗಮನಿಸಬೇಕು. ಪರೀಕ್ಷೆ ಪಾಸಾದದ್ದು ಅರ್ಹತೆ. ಕೌಂಟರಿನ ಮುಂದೆ ನಿಂತ ಮನುಷ್ಯನಿಗೆ ಆ ಓದನ್ನು ದಕ್ಕುವಂತೆ ಮಾಡುವುದು ಸಾಮರ್ಥ್ಯ. ನಮ್ಮ ಹಳೆಯ ಕಚೇರಿಯಲ್ಲಿಯೂ ಇಲಾಖಾ ಪರೀಕ್ಷೆ ಪಾಸಾಗಿ ಒಂದು ಅರ್ಜಿಗೆ ಉತ್ತರ ಬರೆಯಲು ಬಾರದವರಿದ್ದರು.

ಇದಕ್ಕೂ ಮೊದಲೇ, 1997ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 'ಏಳು ನಕ್ಷತ್ರದ ಫಾರ್ಮಸಿಸ್ಟ್' ಎಂಬ ಕಲ್ಪನೆ ಕೊಟ್ಟಿತ್ತು. ಆರೈಕೆ ಮಾಡುವವನು, ನಿರ್ಧರಿಸುವವನು, ತಿಳಿಯಹೇಳುವವನು, ಮುಂದಾಳು, ವ್ಯವಸ್ಥಾಪಕ, ಬದುಕಿಡೀ ಕಲಿಯುವವನು, ಕಲಿಸುವವನು: ಇವು ಆ ಏಳು. ಹೆಸರು ಹೋಟೆಲಿನದ್ದರಂತಿದೆ, ಇರಲಿ. ಮೂರನೆಯ ನಕ್ಷತ್ರ ಮಾತ್ರ ನಮ್ಮ ಈ ಲೇಖನಕ್ಕೆ ಬೇಕಾದದ್ದು.

ಎಫ್‌ಐಪಿಯ ಚೌಕಟ್ಟನ್ನು ಹಾಗೆಯೇ ಎತ್ತಿ ತಂದು ಕೂರಿಸಬೇಕೆಂದು ಅವರೂ ಹೇಳುವುದಿಲ್ಲ. ಪ್ರತಿ ದೇಶ ತನ್ನ ಕಾನೂನು, ತನ್ನ ರೋಗಗಳು, ತನ್ನ ಜನರಿಗೆ ತಕ್ಕಂತೆ ಹೊಂದಿಸಿಕೊಳ್ಳಬೇಕೆಂದೇ ಅದರ ಉದ್ದೇಶ. ಕ್ರೊಯೇಶಿಯಾದವರು ಅದನ್ನು ತಮ್ಮ ಭಾಷೆಗೆ ಅನುವಾದಿಸಿ, ತಜ್ಞರ ಮುಂದಿಟ್ಟು, ತಮಗೆ ಹೊಂದದ್ದನ್ನು ತಿದ್ದಿ ತಮ್ಮದಾಗಿಸಿಕೊಂಡರು. ಐರ್ಲೆಂಡಿನಲ್ಲಿ 2013ರಲ್ಲಿ ಹೊರಬಂದ ಅಲ್ಲಿಯ ಚೌಕಟ್ಟಿಗೂ ಇದೇ ತಳಪಾಯ.

ನಮ್ಮ ದೇಶದ ಮಾತು. 1948ರ ಫಾರ್ಮಸಿ ಕಾಯಿದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸ, ಬೇರೆಯವರದ್ದಲ್ಲ. ಆ ಕಾಯಿದೆಯಡಿ ಭಾರತೀಯ ಫಾರ್ಮಸಿ ಪರಿಷತ್ತು ಇದೆ, ರಾಜ್ಯಗಳಿಗೆ ತಮ್ಮತಮ್ಮ ಪರಿಷತ್ತುಗಳಿವೆ. 2015ರಲ್ಲಿ ಬಂದ ಫಾರ್ಮಸಿ ವೃತ್ತಿ ನಿಯಮಗಳಲ್ಲಿ ರೋಗಿಗೆ ಏನೇನು ತಿಳಿಸಬೇಕೆಂಬುದೂ ಇದೆ. ಔಷಧದ ಹೆಸರು, ಯಾವುದಕ್ಕಾಗಿ, ಎಷ್ಟು, ಹೇಗೆ, ಎಷ್ಟು ದಿನ, ಯಾವ ಅಡ್ಡಪರಿಣಾಮ ಕಂಡರೆ ಎಚ್ಚರ, ಎಲ್ಲಿ ಇಡಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು. ಓದಿದಾಗ ನಮಗೆ ಆಶ್ಚರ್ಯವಾಯಿತು. ಅರುವತ್ತು ದಾಟಿದ ನಾವು ಇಷ್ಟು ವರ್ಷ ಮೆಡಿಕಲ್ ಶಾಪಿಗೆ ಹೋಗಿ ಬಂದಿದ್ದೇವೆ, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ, ನಾವೂ ಕೇಳಿಲ್ಲ.

ಅಂದರೆ ಪಟ್ಟಿ ಮೇಲಿನಿಂದ ಕೆಳಗೆ ಬಂದಿದೆ. ಹೇಗ್‌ನಿಂದ ದೆಹಲಿಗೆ, ದೆಹಲಿಯಿಂದ ತಿರುವನಂತಪುರಕ್ಕೆ. ಅಲ್ಲಿಂದ ಮುಳ್ಳೇರಿಯದ ಪೇಟೆಗೆ ಬರುವಾಗ ಅದಕ್ಕೆ ನಾವು ಸೇರಿಸಬೇಕಾದ ಕೆಲವು ಸಾಲುಗಳಿವೆ.

ಮೊದಲನೆಯದು ಭಾಷೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಶಾಲೆಯಲ್ಲಿದ್ದವರು ಈಗ ಎಂಬತ್ತರ ಆಚೀಚೆ. ಕನ್ನಡ ಶಾಲೆಯಲ್ಲಿ ಓದಿದವರು. ಆಮೇಲೆ ಕನ್ನಡ ಮಾಧ್ಯಮದಲ್ಲೇ ಕಲಿತ ನಮ್ಮ ಪ್ರಾಯದವರಲ್ಲಿಯೂ ಬಹಳ ಮಂದಿಗೆ ಮಲಯಾಳ ಅಕ್ಷರ ಓದಲು ಬಾರದು. ಮಾತು ಬರುತ್ತದೆ, ಆದರೆ ಅದು ಬಸ್ಸಿನ ಮಲಯಾಳ, ಮೀನು ಮಾರ್ಕೆಟಿನ ಮಲಯಾಳ. 'ವೆರುಂ ವಯಟ್ಟಿಲ್' ಎಂದರೆ ಖಾಲಿ ಹೊಟ್ಟೆಯಲ್ಲಿ ಎಂದು ಎಲ್ಲರಿಗೂ ತಕ್ಷಣ ಹೊಳೆಯುವುದಿಲ್ಲ. ಥೈರಾಯ್ಡಿನ ಗುಳಿಗೆಗೆ ಆ ಎರಡು ಮಾತೇ ಮುಖ್ಯ. 'ಮುಂಪ್' ಎಂದರೆ ಅವರಲ್ಲಿ ಮೊದಲು. ನಮ್ಮ ಕಿವಿಗೆ ಅದು 'ಮುಂದೆ' ಎಂದು ಬಿದ್ದರೆ ಊಟಕ್ಕೆ ಮೊದಲಿನದ್ದು ಊಟದ ನಂತರಕ್ಕೆ ಹೋಯಿತು. ಇನ್ನು ಮನೆಮಾತು ತುಳು, ಹವ್ಯಕ, ಮರಾಠಿ, ಕೊಂಕಣಿ, ಬ್ಯಾರಿ ಇರುವವರು. ತುಳುವಿನ ಅಜ್ಜಿಗೆ ಬೆಳಗ್ಗೆ 'ಕಾಂಡೆ', ಸಂಜೆ 'ಬಯ್ಯ'. ಸಪ್ತಭಾಷೆಯ ನಾಡು ಎಂದು ವೇದಿಕೆಯಲ್ಲಿ ಹೇಳುವಾಗ ಹೆಮ್ಮೆ. ಔಷಧದ ಕೌಂಟರಿನಲ್ಲಿ ಅದೇ ಏಳು ಭಾಷೆ ಏಳು ಎಡವುಗಲ್ಲು.

ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು ವಾರಕ್ಕೊಮ್ಮೆಯ ಗುಳಿಗೆ. ಗಂಟುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಬಾಯಿಹುಣ್ಣಿನಿಂದ ಹಿಡಿದು ರಕ್ತಕಣಗಳು ಕುಸಿಯುವವರೆಗೆ ಹೋಗಿ ಪ್ರಾಣಕ್ಕೇ ಬರುತ್ತದೆ. ಇದು ಲೋಕದಾದ್ಯಂತ ಮತ್ತೆ ಮತ್ತೆ ಆಗಿರುವ ತಪ್ಪು, ಭಾಷೆ ಚೆನ್ನಾಗಿ ಗೊತ್ತಿರುವಲ್ಲಿಯೂ ಆಗಿದೆ. ಹಾಗಿರುವಾಗ 'ಆಳ್ಚಯಿಲ್ ಒರಿಕ್ಕಲ್' ಎಂದು ಹೇಳಿ ಕಳಿಸಿದರೆ, ಆಳ್ಚ ಎಂದರೆ ವಾರ ಎಂದು ತಿಳಿಯದ ನಮ್ಮ ಹಿರಿಯರಿಗೆ ಉಳಿಯುವುದು 'ಒರಿಕ್ಕಲ್', ಒಮ್ಮೆ. ದಿನಕ್ಕೊಮ್ಮೆ ಎಂದೇ ಮನೆಗೆ ಬರುತ್ತಾರೆ. ಈ ಔಷಧ ತೆಗೆದುಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ವಾರವನ್ನು ಗುರುತು ಹಾಕಿಸಿಕೊಳ್ಳಿ. ಸೋಮವಾರವೆಂದರೆ ಸೋಮವಾರ ಎಂದೇ ಕವರಿನ ಮೇಲೆ ಬರೆದಿರಬೇಕು.

ನಾವು ಚಿಕ್ಕವರಿದ್ದಾಗ ಫಾರ್ಮಸಿಸ್ಟ್ ಎಂಬ ಹೆಸರಿರಲಿಲ್ಲ, ಕಂಪೌಂಡರ್ ಎನ್ನುತ್ತಿದ್ದೆವು. ಕೆಂಪು ಮಿಕ್ಸ್ಚರನ್ನು ನಾವೇ ಒಯ್ದ ಬಾಟಲಿಗೆ ಸುರಿದು, ಹೊರಗಿನಿಂದ ಒಂದು ಕಾಗದದ ಪಟ್ಟಿಯನ್ನು ಕಚ್ಚು ಕಚ್ಚು ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದರವರೆಗೆ ಒಂದು ಹೊತ್ತಿನದ್ದು. ಅಕ್ಷರ ಬಾರದ ಅಜ್ಜಿಯೂ ತಪ್ಪುತ್ತಿರಲಿಲ್ಲ. ಆ ಕಂಪೌಂಡರರಿಗೆ ಯಾವ ಚೌಕಟ್ಟೂ ಗೊತ್ತಿರಲಿಲ್ಲ, ಆದರೆ ಎಫ್‌ಐಪಿ ಈಗ ಚಿತ್ರಸಂಕೇತಗಳ ಮೂಲಕ ಔಷಧ ಸೂಚನೆ ಕೊಡಬೇಕೆಂದು ಹೇಳುವುದೂ ಇದೇ ದಾರಿ: ಮೂಡುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ, ಊಟದ ತಟ್ಟೆ.

ಭಾಷೆಯನ್ನು ಸೌಕರ್ಯವೆಂದು ನೋಡದೆ ಚಿಕಿತ್ಸೆಯ ಭಾಗವೆಂದೇ ನೋಡಿದ ಒಂದು ನಾಡಿದೆ. ಬ್ರಿಟನ್ನಿನ ವೇಲ್ಸ್. ಅಲ್ಲಿಯೂ ಇಂಗ್ಲಿಷಿನ ನಡುವೆ ವೆಲ್ಶ್ ಭಾಷೆಯವರು ನಮ್ಮಂತೆಯೇ ಹಂಚಿಹೋಗಿದ್ದಾರೆ. 2012ರಲ್ಲಿ ಅಲ್ಲಿಯ ಸರಕಾರ ಆರೋಗ್ಯ ಸೇವೆಗೆ ಒಂದು ನೀತಿ ತಂದಿತು. ರೋಗಿ ಕೇಳುವವರೆಗೆ ಕಾಯಬಾರದು, ಸೇವೆ ಕೊಡುವವರೇ ಮುಂದಾಗಿ "ವೆಲ್ಶಿನಲ್ಲಿ ಮಾತಾಡೋಣವೇ?" ಎನ್ನಬೇಕು. ಕಾಯಿಲೆಯವರು, ಮುದುಕರು, ಹೆದರಿದವರು ಹಕ್ಕು ಕೇಳುವುದಿಲ್ಲ, ತಲೆಯಾಡಿಸಿ ಹೋಗುತ್ತಾರೆ ಎಂಬುದೇ ಅದರ ಹಿಂದಿನ ವಿಚಾರ. ವೆಲ್ಶ್ ಬಲ್ಲ ಸಿಬ್ಬಂದಿ ಕಿತ್ತಳೆ ಬಣ್ಣದ ಒಂದು ಬ್ಯಾಡ್ಜ್ ಹಾಕಿಕೊಳ್ಳುತ್ತಾರೆ. ನೋಡಿದವರಿಗೆ ಇವರಲ್ಲಿ ನಮ್ಮ ಮಾತು ನಡೆಯುತ್ತದೆಂದು ಗೊತ್ತಾಗುತ್ತದೆ. ಓದುವಾಗ ನಮಗೆ ನೆನಪಾದದ್ದು ನಮ್ಮ ಮಕ್ಕಳು. ಮಂಗಳೂರಿನಲ್ಲಿ ಡಿ.ಫಾರ್ಮ, ಬಿ.ಫಾರ್ಮ ಓದಿ ಊರಿನ ಮೆಡಿಕಲ್‌ಗಳಲ್ಲಿ ಕೆಲಸಕ್ಕೆ ಸೇರಿದವರಿದ್ದಾರೆ. ಅವರಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ. ಅದು ಅವರ ಸಾಮರ್ಥ್ಯ, ಆದರೆ ಯಾವ ಪ್ರಮಾಣಪತ್ರದಲ್ಲಿಯೂ ಅದಕ್ಕೆ ಒಂದು ಅಂಕಣವಿಲ್ಲ.

ಎರಡನೆಯದು ಗಡಿ. ನಮ್ಮವರು ಚೀಟಿ ಬರೆಸುವುದು ಮಂಗಳೂರಿನಲ್ಲಿ, ಪುತ್ತೂರಿನಲ್ಲಿ, ಸುಳ್ಯದಲ್ಲಿ. ಮದ್ದು ಕೊಳ್ಳುವುದು ಮುಳ್ಳೇರಿಯ, ಬದಿಯಡ್ಕ, ಆದೂರಿನಲ್ಲಿ. ಅಲ್ಲಿ ಬರೆದ ಬ್ರಾಂಡ್ ಇಲ್ಲಿ ಸಿಗುವುದಿಲ್ಲ. ಷೆಡ್ಯೂಲ್ ಎಚ್‌ಗೆ ಸೇರಿದ ಔಷಧವಾದರೆ ಚೀಟಿಯಲ್ಲಿರುವುದಕ್ಕೆ ಬದಲು ಬೇರೆ ತಯಾರಿಕೆಯನ್ನು, ಒಳಗಿನ ದ್ರವ್ಯ ಒಂದೇ ಆಗಿದ್ದರೂ, ತಾನಾಗಿ ಕೊಡಲು ಅಂಗಡಿಯವರಿಗೆ ನಿಯಮ ಬಿಡುವುದಿಲ್ಲ. ಆದಕಾರಣ ಚೀಟಿ ಬರೆಸುವಾಗಲೇ ವೈದ್ಯರಲ್ಲಿ ಔಷಧದ ಮೂಲ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಲು ಕೇಳಿ. 2016ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಮಂಡಳಿ ವೈದ್ಯರಿಗೆ ಕೊಟ್ಟ ಸೂಚನೆಯೂ ಹಾಗೆಯೇ ಇದೆ, ಕೇಳಲು ಸಂಕೋಚ ಬೇಡ. ಎರಡು ಬ್ರಾಂಡಿನ ಒಂದೇ ಔಷಧವನ್ನು ಬೇರೆ ಬೇರೆ ಎಂದು ತಿಳಿದು ಎರಡನ್ನೂ ನುಂಗುವ ಅಪಾಯವೂ ಇದರಿಂದ ತಪ್ಪುತ್ತದೆ.

ಗಡಿಯ ಇನ್ನೊಂದು ಪಾಠ 2020ರ ಮಾರ್ಚ್ ಕೊನೆಯದ್ದು. ತಲಪಾಡಿಯಲ್ಲಿ ದಾರಿ ಮುಚ್ಚಿತು, ಸುಳ್ಯಕ್ಕೆ ಹೋಗುವ ದಾರಿಗಳಿಗೂ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟರು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಗ ಕೇರಳದ ಅಗ್ನಿಶಾಮಕ ದಳದವರು ಊರೂರಿಗೆ ಔಷಧ ಮುಟ್ಟಿಸಿದ್ದನ್ನು ನಾವು ಮರೆಯುವಂತಿಲ್ಲ. ಅದೇ ವರ್ಷ ಪರಿಷ್ಕೃತವಾದ ಎಫ್‌ಐಪಿ ಚೌಕಟ್ಟಿನಲ್ಲಿ ತುರ್ತುಸ್ಥಿತಿಯ ನಿಭಾವಣೆಯೂ ಫಾರ್ಮಸಿಸ್ಟರ ಸಾಮರ್ಥ್ಯಗಳ ಪಟ್ಟಿಯಲ್ಲಿದೆ. ನಮ್ಮೂರಿನ ಮಟ್ಟಿಗೆ ಅದರ ಅರ್ಥ ಇಷ್ಟೇ: ತನ್ನ ಗಿರಾಕಿಗಳಲ್ಲಿ ಯಾರ ಮದ್ದು ಒಂದು ದಿನವೂ ನಿಲ್ಲಬಾರದು ಎಂಬ ಪಟ್ಟಿ ಅಂಗಡಿಯಲ್ಲಿ ಇರಬೇಕು. ಕಾರಡ್ಕ, ಮುಳಿಯಾರು, ಬೆಳ್ಳೂರು, ಕುಂಬ್ಡಾಜೆ ಸೇರಿದಂತೆ ಹನ್ನೊಂದು ಪಂಚಾಯತುಗಳು ಎಂಡೋಸಲ್ಫಾನ್ ಪೀಡಿತವೆಂದು ಗುರುತಿಸಲ್ಪಟ್ಟವು. ಆ ಮನೆಗಳಲ್ಲಿ ಅಪಸ್ಮಾರದ ಮದ್ದು ತೆಗೆದುಕೊಳ್ಳುವ ಮಕ್ಕಳಿದ್ದಾರೆ. ಆ ಮದ್ದು ಒಮ್ಮೆಗೇ ನಿಂತರೆ ಸೆಳೆತ ಬಿಡದೆ ಬರುವ ಅಪಾಯವಿದೆ. 'ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ' ಎಂಬ ಮಾತು ನೋವಿನ ಮಾತ್ರೆಗೆ ನಡೆದೀತು, ಇದಕ್ಕೆ ನಡೆಯುವುದಿಲ್ಲ.

ಮಳೆಗಾಲದ ಮಾತೂ ಸೇರಬೇಕು. ಇನ್ಸುಲಿನ್ ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿಡಬೇಕೆಂದು ಎಲ್ಲ ಪುಸ್ತಕದಲ್ಲಿದೆ. ಆಟಿ ತಿಂಗಳಲ್ಲಿ ಎರಡು ದಿನ ಕರೆಂಟ್ ಹೋದ ದೇಲಂಪಾಡಿಯ ಮನೆಯಲ್ಲಿ ಏನು ಮಾಡಬೇಕೆಂದು ಯಾವುದರಲ್ಲಿಯೂ ಇಲ್ಲ. ಬಳಕೆಯಲ್ಲಿರುವ ಬಾಟಲಿ ತಂಪಾದ, ಬಿಸಿಲು ಬೀಳದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ ಎಂದು ಕೌಂಟರಿನಲ್ಲಿ ಒಂದು ಮಾತು ಹೇಳಿದರೆ ಸಾಕು. ಫ್ರೀಜರಿಗೆ ಮಾತ್ರ ಹಾಕಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ಹಾಗೆಯೇ ಕಷಾಯ, ಅರಿಷ್ಟ, ನಾಟಿ ಮದ್ದು ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳುವ ಅಭ್ಯಾಸವೂ ನಮ್ಮ ಕಡೆಗೆ ಬೇಕಾದದ್ದು. ಕೇಳದೆ ಯಾರೂ ಹೇಳುವುದಿಲ್ಲ.

ಆಂಟಿಬಯಾಟಿಕ್ ವಿಷಯದಲ್ಲಿ ಕೇರಳ ಮುಂದಿದೆ, ಅದನ್ನು ಒಪ್ಪಬೇಕು. 2018ರಲ್ಲೇ ಇದಕ್ಕಾಗಿ ರಾಜ್ಯದ ಕಾರ್ಯಯೋಜನೆ ಬಂತು. 2024ರ ಜನವರಿಯಲ್ಲಿ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಅಮೃತ್' ಶುರುಮಾಡಿ, ಚೀಟಿ ಇಲ್ಲದೆ ಕೊಡುವ ಅಂಗಡಿಗಳ ಮೇಲೆ ಕಣ್ಣಿಟ್ಟಿತು. ಆಂಟಿಬಯಾಟಿಕ್ಕನ್ನು ನೀಲಿ ಕವರಿನಲ್ಲಿ ಕೊಡುವ ಏರ್ಪಾಡೂ ಬಂತು. ಬಣ್ಣಕ್ಕೆ ಭಾಷೆ ಬೇಡವಾದ್ದರಿಂದ ಅದು ನಮಗೆ ಬಹಳ ಹಿಡಿಸಿತು. ಕೆಲವು ಸದಸ್ಯರು "ಮೊದಲು ಕೇಳಿದ ಕೂಡಲೇ ಕೊಡುತ್ತಿದ್ದರು, ಈಗ ಸತಾಯಿಸುತ್ತಾರೆ" ಎಂದು ನಮ್ಮಲ್ಲಿ ದೂರಿದ್ದುಂಟು. ಕ್ಷಮಿಸಬೇಕು, ಈ ದೂರನ್ನು ನಾವು ಮುಂದೆ ಕಳಿಸುವುದಿಲ್ಲ. ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ.

ಫಾರ್ಮಸಿಸ್ಟರ ಕಡೆಯಿಂದಲೂ ಒಂದೆರಡು ಮಾತು ಹೇಳಲೇಬೇಕು. ಒ.ಪಿ. ಬಿಟ್ಟ ಹೊತ್ತಿಗೆ ಕೌಂಟರಿನ ಮುಂದೆ ನಲುವತ್ತು ಜನ, ಒಳಗೆ ಒಬ್ಬರು. ಖಾಸಗಿ ಅಂಗಡಿಗಳಲ್ಲಿ ಸಂಬಳ ಕಡಿಮೆ, ನಿಲ್ಲುವ ಗಂಟೆ ಜಾಸ್ತಿ. ಗೋಡೆಯಲ್ಲಿ ಒಬ್ಬರ ಸರ್ಟಿಫಿಕೇಟ್, ಕೌಂಟರಿನಲ್ಲಿ ಇನ್ನೊಬ್ಬರು ಎಂಬ ರೋಗವೂ ಈ ದೇಶದಲ್ಲಿ ಹಳೆಯದು. ಅದನ್ನು ಸರಿಪಡಿಸುವುದು ನಮ್ಮಂಥ ಸಂಘದ ಕೈಯಲ್ಲಿಲ್ಲ. ಆದರೆ ಹತ್ತು ಸೆಕೆಂಡಿನ ಒಂದು ಉಪಾಯ ಇದೆ, ಹೊರನಾಡಿನ ಆಸ್ಪತ್ರೆಗಳಲ್ಲಿ ಇದನ್ನು ಪದ್ಧತಿಯಾಗಿ ಕಲಿಸುತ್ತಾರೆ. ಹೇಳಿದ ಮೇಲೆ "ಅರ್ಥವಾಯಿತಾ?" ಎಂದು ಕೇಳಬಾರದು, ಯಾರೂ ಇಲ್ಲ ಎನ್ನುವುದಿಲ್ಲ. "ಅಮ್ಮ, ಇದನ್ನು ಹೇಗೆ ತಗೊಳ್ಳುತ್ತೀರಿ, ಒಮ್ಮೆ ಹೇಳಿ ನೋಡುವ" ಎನ್ನಬೇಕು. ಆ ದಿನ ಹೀಗೆ ಕೇಳಿದ್ದರೆ 'ಉಚ್ಚಕ್ಕ್' ಅಲ್ಲಿಯೇ ಬಗೆಹರಿಯುತ್ತಿತ್ತು, ಹನ್ನೊಂದು ದಿನದ ಆಸ್ಪತ್ರೆ ಉಳಿಯುತ್ತಿತ್ತು.

ಸಮಿತಿ ಈಗ ತೀರ್ಮಾನಿಸಿರುವುದು ಇಷ್ಟು. ಕನ್ನಡದಲ್ಲಿ, ಕನ್ನಡ ಲಿಪಿಯ ತುಳುವಿನಲ್ಲಿ, ಮಲಯಾಳದಲ್ಲಿ ಹೊತ್ತುಗಳನ್ನು ಚಿತ್ರಸಹಿತ ಅಚ್ಚುಹಾಕಿದ ಸಣ್ಣ ಚೀಟಿಗಳನ್ನು ಮಾಡಿಸಿ ಒಪ್ಪುವ ಮೆಡಿಕಲ್‌ಗಳಿಗೆ ಕೊಡುವುದು. ವಾರದ ಏಳು ದಿನಗಳ ಚೌಕವೂ ಅದರಲ್ಲಿರುತ್ತದೆ. ಕರಡನ್ನು ವೃತ್ತಿಯಲ್ಲಿರುವ ಫಾರ್ಮಸಿಸ್ಟರಿಂದ ತಿದ್ದಿಸದೆ ಅಚ್ಚಿಗೆ ಕಳಿಸುವುದಿಲ್ಲ. ಗುಮಾಸ್ತರ ಜ್ಞಾನದಲ್ಲಿ ಮದ್ದಿನ ಚೀಟಿ ಮಾಡಬಾರದು. ಕನ್ನಡ, ತುಳು ಬಲ್ಲ ಸಿಬ್ಬಂದಿ ಇರುವಲ್ಲಿ ಹಾಗೆಂದು ಒಂದು ಸಣ್ಣ ಫಲಕ ಇಡಲು ವಿನಂತಿಸುವುದು. ಸರಕಾರಿ ಆಸ್ಪತ್ರೆಗಳ ಔಷಧದ ಕವರಿನಲ್ಲಿ ಕನ್ನಡವೂ ಇರಲಿ ಎಂದು ಜಿಲ್ಲಾ ವೈದ್ಯಾಧಿಕಾರಿಗಳಿಗೆ ಮನವಿ, ಪ್ರತಿ ಪಂಚಾಯತಿಗೆ. ಮನವಿ ಕನ್ನಡದಲ್ಲೇ ಹೋಗುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶವಿದೆ. ಬಳಸದ ಕಲಮು ತುಕ್ಕು ಹಿಡಿಯುತ್ತದೆ ಎಂದು ನಮ್ಮ ಹಳೆಯ ಹೆಡ್‌ಕ್ಲರ್ಕ್ ಹೇಳುತ್ತಿದ್ದರು.

ಸದಸ್ಯರಿಂದ ಬೇಕಾದದ್ದು: ನಿಮ್ಮ ಮನೆಯಲ್ಲಿ ಹೀಗೆ ಮಾತು ತಪ್ಪಾಗಿ ತಿಳಿದು ಮದ್ದು ತಪ್ಪಿದ ಪ್ರಸಂಗವಿದ್ದರೆ ಬರೆದು ಕೊಡಿ. ಹೆಸರು ಬೇಡ, ಅಂಗಡಿಯ ಹೆಸರೂ ಬೇಡ. ಯಾವ ಮಾತು, ಹೇಗೆ ಕೇಳಿಸಿತು, ಏನಾಯಿತು ಎಂಬುದಷ್ಟೇ ಸಾಕು. ಮಂಜೇಶ್ವರ, ಪೆರ್ಲ, ಬದಿಯಡ್ಕ, ಆದೂರು ಕಡೆಯವರೂ, ಗಡಿಯಾಚೆ ಸುಳ್ಯ, ಪುತ್ತೂರಿನಲ್ಲಿರುವವರೂ ಬರೆಯಬಹುದು. ಅಲ್ಲಿಯ ಕೌಂಟರಿನಲ್ಲಿ ನಿಂತ ಮಲಯಾಳಿ ಮನೆಯವರಿಗೂ ಇದೇ ತೊಂದರೆ ತಿರುಗುಮುರುಗಾಗಿ ಇದ್ದೀತು, ಅದನ್ನೂ ತಿಳಿಸಿ. ವೃತ್ತಿಯಲ್ಲಿರುವ ಫಾರ್ಮಸಿಸ್ಟ್ ಸದಸ್ಯರು ಕರಡು ತಿದ್ದಲು ಅರ್ಧ ದಿನ ಕೊಡಬೇಕಾಗಿ ಕೋರಿಕೆ. ಸಭೆಯ ದಿನ ನಿಗದಿಯಾದ ಕೂಡಲೇ ಇದೇ ಪುಟದ ಕಾರ್ಯಕ್ರಮಗಳ ಅಂಕಣದಲ್ಲಿ ಹಾಕುತ್ತೇವೆ. ಬರುವಾಗ ಮನೆಯ ಹಿರಿಯರ ಮದ್ದಿನ ಕವರುಗಳನ್ನು, ಖಾಲಿಯಾಗಿದ್ದರೂ, ತನ್ನಿ. ಅವುಗಳ ಮೇಲೆ ಏನು ಬರೆದಿದೆ, ಯಾವ ಭಾಷೆಯಲ್ಲಿ ಬರೆದಿದೆ ಎಂದು ಮೊದಲು ಕೂತು ನೋಡಬೇಕಾಗಿದೆ.

ಕಾರ್ಯದರ್ಶಿ